ದಿಂಬು ಹಿಡಿಯುವ ಜಾಗ

ನೊಯೆಮ್ ಆ ಮನೆಗೆ ಹಿರಿಸೊಸೆಯಾಗಿ ಬಂದವಳು. ಆದರೂ ತೊನಿರ್ ಒಲೆಯ ಬಾಯಿ ಮುಂದಿನ ಜಾಗ ಸಿಕ್ಕಿದ್ದು ಕಿರಿಸೊಸೆ ಸಿರುಷ್‌ಗೆ. ಅತ್ತೆ ಅಂದೇ ತೀರ್ಮಾನಿಸಿಬಿಟ್ಟಿದ್ದಳು: "ನಿನ್ನ ತೋಳು ಗಿಡ್ಡ ಕಣೇ, ಒಲೆಯೊಳಗೇ ಬಿದ್ದೀಯ. ನೀನು ಲಟ್ಟಿಸು." ಅತ್ತೆ ಮಣ್ಣಾಗಿ ವರ್ಷಗಳೇ ಕಳೆದರೂ ಆ ಮಾತು ನೊಯೆಮ್‌ಳ ಎದೆಯಲ್ಲಿ ಹಸಿಯಾಗಿಯೇ ಇತ್ತು.

ನೊಯೆಮ್ ಲಟ್ಟಿಸಿದ ಹಿಟ್ಟಿನ ಹಾಳೆಯನ್ನು ಸಿರುಷ್ ರೊಟ್ಟಿ ಬಡಿಯುವ ದಿಂಬಿನ ಮೇಲೆ ಎಳೆದು ಹಾಸುವಳು. ನೆಲದಲ್ಲಿ ಹುಗಿದ ಒಲೆಯೊಳಗೆ ಬಾಗಿ ಗೋಡೆಗೆ ಪಟ್ಟನೆ ಬಡಿಯುವಳು. ಲವಾಶ್ ರೊಟ್ಟಿ ಉಬ್ಬಿ ಬಂದರೆ ಹೊಗಳಿಕೆಯೂ ಅವಳಿಗೇ. ಊರವರ ಹೊಗಳಿಕೆಯನ್ನು ನೊಯೆಮ್ ಹೇಗೋ ನುಂಗಿಕೊಂಡಿದ್ದಳು. ಆದರೆ ಹಿರಿಯರ ಬೇರು ಹುಡುಕಿಕೊಂಡು ಹೊರದೇಶದ ಅರ್ಮೇನಿಯನ್ನರು ಬರತೊಡಗಿದರು. ಊರಿನ ಕ್ರೈಸ್ತ ಮಠದಲ್ಲಿ ಮೇಣದಬತ್ತಿ ಹಚ್ಚಿ ನೇರ ಇವರ ಒಲೆಮನೆಗೆ ಬರುವರು. ಅವರ ಫೋಟೋಗಳ ತುಂಬ ಸಿರುಷ್‌ಳ ಕೆಂಪೇರಿದ ಮುಖ. ಮೂಲೆಯಲ್ಲಿ ನೊಯೆಮ್‌ಳ ಮೊಣಕೈ.

ಆ ಶರತ್ಕಾಲದಲ್ಲಿ ಬೈರೂತಿನಿಂದ ತಾಲಿನ್ ಎಂಬ ಹುಡುಗಿ ಗೆಳತಿಯರೊಂದಿಗೆ ಬಂದಳು. ಅವಳ ಮುತ್ತಜ್ಜಿಯೂ ಇವರ ಹಿರಿಯರಂತೆ ನರಮೇಧದ ಕಾಲದಲ್ಲಿ ಸಾಸೂನ್ ಸೀಮೆ ಬಿಟ್ಟು ಓಡಿದವಳು.

"ಸಿರುಷ್ ಅಜ್ಜೀ, ನಮ್ಮ ಮುತ್ತಜ್ಜೀನೂ ಹೀಗೇ ಕೂರ್ತಿದ್ಲಂತೆ!" ಎಂದ ಹುಡುಗಿಯ ಕಣ್ಣು ತುಂಬಿತು.

"ಇವಳಷ್ಟು ಜಾಗ ಹಿಡೀತಿರ್ಲಿಲ್ಲ ಬಿಡು," ಎಂದಳು ನೊಯೆಮ್.

ಎಲ್ಲರಿಗಿಂತ ಜೋರಾಗಿ ಸಿರುಷ್‌ಳೇ ನಕ್ಕಳು. "ನಮ್ಮಕ್ಕಂಗೆ ಯಾವಾಗ್ಲೂ ನನ್ನ ಸೊಂಟದ ಮೇಲೇ ಕಣ್ಣು!"

ಆ ನಗು ನೊಯೆಮ್‌ಳನ್ನು ಇನ್ನಷ್ಟು ಉರಿಸಿತು. ಮುಂದಿನ ಉಂಡೆಯನ್ನು ಒಂದೇ ಅಂಚಿನಲ್ಲಿ ಬೇಕೆಂದೇ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಿ ಕೊಟ್ಟಳು. ಸಿರುಷ್ ಬಡಿದಳು. ಅಂಚು ಹರಿಯಿತು, ಹಾಳೆ ಜಾರಿ ಕೆಂಡಕ್ಕೆ ಬಿತ್ತು.

ಸಿರುಷ್ ಕೊಕ್ಕೆಯಿಂದ ಅದನ್ನೆತ್ತಿ, ಹರಿದ ಅಂಚನ್ನು ಬೆರಳಿನಿಂದ ಸವರಿ, ಓರಗಿತ್ತಿಯನ್ನು ಒಮ್ಮೆ ನೋಡಿದಳು.

"ನನ್ನ ಕೈ ಜಾರ್ತು," ಎಂದು ಹುಡುಗಿಯರಿಗೆ ಹೇಳಿದಳು. ಬಿದ್ದ ರೊಟ್ಟಿಗೆ ಬೀಳಿಸಿದವರೇ ಮುತ್ತಿಟ್ಟು ಹಣೆಗೊತ್ತಿಕೊಳ್ಳಬೇಕು ಎಂಬುದು ಅಲ್ಲಿನ ವಾಡಿಕೆ. ಸಿರುಷ್ ಅದನ್ನು ನೊಯೆಮ್‌ಳ ಮುಂದೆ ಹಿಡಿದಳು. "ಮಾಡಕ್ಕ."

ನೊಯೆಮ್ ಮುತ್ತಿಟ್ಟಳು. ಬೂದಿ ತುಟಿಗಂಟಿತು.

"ಅಷ್ಟು ಆಸೆಯಿದ್ರೆ ಇಲ್ಲಿ ಕೂತ್ಕೋ," ಎಂದು ಸಿರುಷ್ ಮೆಲ್ಲಗೆ ದಿಂಬು ಕೊಟ್ಟು, ಎದ್ದು ಲಟ್ಟಿಸುವ ಮಣೆಗೆ ಹೋದಳು.

ನೊಯೆಮ್ ಶಿಲುಬೆಯ ಗುರುತು ಹಾಕಿಕೊಂಡು ಬಾಗಿದಳು. ತೋಳು ಗೋಡೆಗೆ ಚೆನ್ನಾಗಿಯೇ ಎಟುಕಿತು! ಆದರೆ ತಲೆ ಒಲೆಯೊಳಗಿರುವಾಗ ಕಾಣುವುದು ಕೆಂಡ ಮತ್ತು ಮಣ್ಣಿನ ಗೋಡೆ ಮಾತ್ರ. ಹುಡುಗಿಯರ ಕಿಲಕಿಲ ಈಗ ಬೆನ್ನ ಹಿಂದೆ, ಸಿರುಷ್‌ಳ ಸುತ್ತ. ಅಷ್ಟರಲ್ಲಿ ಸಿರುಷ್ ದಪ್ಪಗೆ ಲಟ್ಟಿಸಿಕೊಟ್ಟ ಎರಡನೆಯ ಹಾಳೆ ದಿಂಬಿನಿಂದ ಧೊಪ್ಪನೆ ಕಳಚಿತು.

"ಏನೇ ಇದು, ಕತ್ತೆ ಬೆನ್ನಿಗೆ ಹಾಸೋದಾ?" ಎಂದಳು ನೊಯೆಮ್.

"ಅತ್ತೇನೂ ಹಾಗೇ ಅಂತಿದ್ಲು," ಎಂದಳು ಸಿರುಷ್. "ನನಗೆ ಲಟ್ಟಿಸೋಕೆ ಬರಲ್ಲ ಅಂತಲೇ ಒಲೆ ಮುಂದೆ ಕೂರಿಸಿದ್ಲು. ನಿನ್ನ ತೋಳಿಗೇನಾಗಿತ್ತು? ಗಿಡ್ಡ ಅಂದಿದ್ದು ಬರೀ ನೆಪ."

ತಾಲಿನ್ ನೊಯೆಮ್‌ಳ ಪಕ್ಕ ಬಂದು ಕುಕ್ಕರಿಸಿದಳು. "ಹಾಗಾದ್ರೆ ಲಟ್ಟಿಸೋದು ನೀವೇ ಕಲಿಸಿ, ಅಜ್ಜೀ."

ನೊಯೆಮ್ ಎದ್ದಳು. ದಿಂಬನ್ನು ಕಂಕುಳಲ್ಲಿ ಇರುಕಿಕೊಂಡೇ ಲಟ್ಟಿಸುವ ಮಣೆಯತ್ತ ನಡೆದಳು.

"ದಿಂಬು ಕೊಡಕ್ಕ, ಒಲೆ ಆರುತ್ತೆ," ಎಂದಳು ಸಿರುಷ್.

"ಆರ್ಲಿ," ಎಂದಳು ನೊಯೆಮ್.