ಮೊದಲ ಪುಟದ ಮಾತು

ಅಮೆರಿಕದ ಮಿನೆಸೋಟದ ಆ ಊರಿನವರು ಟ್ರ್ಯಾಕ್ಟರಿನಡಿ ಸಿಕ್ಕಿ ಕಾಲು ಮುರಿದುಕೊಂಡರೂ, ಹೇಗಿದ್ದೀರಿ ಎಂದರೆ "ಪರವಾಗಿಲ್ಲ, ಚೆನ್ನಾಗಿದೀನಿ" ಎನ್ನುವ ಜನ. ನೋವು ತೋಡಿಕೊಂಡರೆ ಮಾನ ಹೋದಂತೆ. ಆರ್ಡಿಸ್ ನೈಗಾರ್ಡ್ ಕೂಡ ಅದೇ ಜಾಯಮಾನದವಳು. ಗಂಡನನ್ನು ಮಣ್ಣು ಮಾಡಿದ ಮರುದಿನವೂ ಹಾಗೇ ಅಂದಿದ್ದಳು.

ಇಪ್ಪತ್ತೆರಡು ವರ್ಷ ಊರಿನ ಶಾಲೆಯಲ್ಲಿ, ಕೈಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳಿಗೆ ಉಣಿಸಿ, ಬಾಯಿ ಒರೆಸಿ, ಗಾಲಿಕುರ್ಚಿ ತಳ್ಳಿದವಳು. ಅವರಲ್ಲಿ ಒಂಬತ್ತು ವರ್ಷದ ಬ್ರಿಟಾಗೆ ಮಾತೂ ಇರಲಿಲ್ಲ. ಕಣ್ಣು ಯಾವ ಚೌಕದ ಮೇಲೆ ನಿಂತರೆ ಆ ಚೌಕದ ಮಾತನ್ನು ಆಡಿ ಹೇಳುವ ಪರದೆಯೊಂದು ಅವಳಿಗಾಗಿ ಬಂತು. ಅದರ ಯಂತ್ರದ ದನಿ ಕೇಳಿ ಹುಡುಗಿ ಅತ್ತೇ ಬಿಟ್ಟಳು.

"ನನ್ ಗಂಟ್ಲೇ ತಗೋ ಪುಟ್ಟಿ, ಹೆಂಗೂ ಹಳೇದು," ಎಂದು ಆರ್ಡಿಸ್ ಒಂದೊಂದು ಮಾತನ್ನೂ ತನ್ನ ದನಿಯಲ್ಲೇ ತುಂಬಿದಳು. ಮೊದಲ ಪುಟದ ನಟ್ಟನಡುವೆ, ಕಣ್ಣಿಗೆ ಸಲೀಸಾಗಿ ಸಿಗುವಲ್ಲಿ, "ಪರವಾಗಿಲ್ಲ, ಚೆನ್ನಾಗಿದೀನಿ." "ನೋವಾಗ್ತಿದೆ", "ಭಯ ಆಗ್ತಿದೆ" ಎರಡನೇ ಪುಟಕ್ಕೆ ಹೋದವು. ಮಗು ಮೊದಲು ನಾಲ್ಕು ಜನರೊಡನೆ ಮರ್ಯಾದೆಯಿಂದ ಮಾತಾಡಲಿ ಎಂಬ ಆಸೆ ಅವಳದು.

ಕೋವಿಡ್ ಬಂತು, ಬ್ರಿಟಾಳನ್ನೂ ಹಿಡಿಯಿತು. ತಾಯಿ ಜೋಲೀನ್‌ಗೂ ಸೋಂಕು ತಗುಲಿ ಅವಳನ್ನು ಆಸ್ಪತ್ರೆಯೊಳಗೆ ಬಿಡಲಿಲ್ಲ. ಎಂಬತ್ತು ಮೈಲಿ ದೂರದ ಆಸ್ಪತ್ರೆಯಲ್ಲಿ ಬ್ರಿಟಾಗೆ ಪರದೆಯೊಂದೇ ಜೊತೆ. ಬೇಕಾದ್ದನ್ನು ಅದರಲ್ಲಿ ಹೇಳಿಕೊಳ್ಳುತ್ತಾಳೆ ಎಂದು ಜೋಲೀನ್‌ಗೂ ಆರ್ಡಿಸ್‌ಗೂ ಧೈರ್ಯ.

ನಾಲ್ಕನೇ ದಿನ ಜೋಲೀನ್ ಫೋನ್ ಮಾಡಿದಳು. "ನರ್ಸ್ ಹೊಗಳ್ತಿದ್ರು ಆರ್ಡಿಸ್. ಎಂಥಾ ಗಟ್ಟಿ ಹುಡುಗಿ, ಯಾವಾಗ ಕೇಳಿದ್ರೂ ಚೆನ್ನಾಗಿದೀನಿ ಅಂತಾಳಂತೆ."

ಆರ್ಡಿಸ್‌ಗೆ ತಾನೇ ಜೋಡಿಸಿದ ಮೊದಲ ಪುಟ ನೆನಪಾಯಿತು. ಪುಟ ತಿರುಗಿಸಲು ಕಣ್ಣು ಪರದೆಯ ಮೂಲೆಯವರೆಗೆ ಹೋಗಬೇಕು. ಜ್ವರದಲ್ಲಿ ಬೇಯುವ ಮಗುವಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು?

"ಎರಡ್ನೇ ಪುಟ ತೆಗೀರಿ ಅನ್ನು ಜೋಲೀನ್! ಈಗ್ಲೇ ಅನ್ನು!"

ತೆಗೆದರು. "ಭಯ ಆಗ್ತಿದೆ, ಭಯ ಆಗ್ತಿದೆ" ಎಂದು ಆರ್ಡಿಸ್‌ಳ ದನಿ ಒಂದೇ ಸಮನೆ ಹೇಳಿತಂತೆ. ನರ್ಸ್ ಕೈ ಹಿಡಿದು ಕೂತಳು. ಮರುದಿನ ಮಗು ಹೋಯಿತು. ಆ ಕೈಯನ್ನು ಮೊದಲ ದಿನವೇ ಯಾರಾದರೂ ಹಿಡಿಯಬಹುದಿತ್ತು.

ಪರದೆ ಶಾಲೆಗೆ ಮರಳಿತು, ಮುಂದಿನ ಮಗುವಿಗೆಂದು ಅದರ ಮಾತುಗಳನ್ನೆಲ್ಲ ಅಳಿಸಿದ್ದರು.

ವಸಂತದಲ್ಲಿ ಅಂಗಡಿಯಲ್ಲಿ ಜೋಲೀನ್ ಎದುರಾದಳು. "ಹೇಗಿದ್ದೀರಿ ಆರ್ಡಿಸ್?"

ಅರವತ್ತು ವರ್ಷದ ರೂಢಿ ಎಲ್ಲಿಗೆ ಹೋದೀತು. "ಪರವಾಗಿಲ್ಲ, ಚೆನ್ನಾಗಿದೀನಿ."

ಜೋಲೀನ್ ಅವಳ ತೋಳು ಹಿಡಿದುಕೊಂಡಳು. "ನನ್ ಮಗಳ ದನಿ ಅದು. ಇನ್ನೊಂದ್ಸಲ ಹೇಳಿ."

ಆ ಮಾತು ಆರ್ಡಿಸ್‌ಗೆ ವಿಷವಾಗಿತ್ತು. ಆದರೂ ಹೇಳಿದಳು. ಜೋಲೀನ್ ಸಾಕು ಎನ್ನುವವರೆಗೂ ಹೇಳಿದಳು.