ಪಾರಿವಾಳದವನ ಸಾಕ್ಷಿ

ಅಮ್ಮಾನಿನ ಜೋಫೆ ಗುಡ್ಡದಲ್ಲಿ ಅಬು ರುಬಾನ ಹೆಸರೆತ್ತಿದರೆ ಜನ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ನಗುತ್ತಾರೆ. ಹೊಟ್ಟೆಪಾಡಿಗೆ ಆತ ತಾರಸಿಗಳ ಮೇಲಿನ ನೀರಿನ ಟ್ಯಾಂಕು ರಿಪೇರಿ ಮಾಡುವವನು. ಉಸಿರಾಡುವುದು ಮಾತ್ರ ಪಾರಿವಾಳಗಳಿಗಾಗಿ. ಪಾರಿವಾಳ ಹಾರಿಸುವವನಿಗೆ ಅಲ್ಲಿ ಕಶ್ಶಾಶ್ ಎನ್ನುತ್ತಾರೆ. ಆ ಮಾತಿಗೊಂದು ಬಾಲವೂ ಇದೆ: ಕಶ್ಶಾಶನ ಸಾಕ್ಷಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಪಕ್ಕದವನ ಹಕ್ಕಿಯನ್ನು ಬಲೆಗೆ ಹಾಕಿಕೊಂಡು "ನಾನು ಕಂಡೇ ಇಲ್ಲ" ಎಂದು ಆಣೆಯಿಡುವವನು ಕೊಲೆ ಮೊಕದ್ದಮೆಯಲ್ಲಿ ಮಾತ್ರ ನಿಜ ಹೇಳಿಯಾನೇ ಎಂಬುದು ಹಿರಿಯರ ತರ್ಕ. ಅಬು ರುಬಾಗೆ ಹೆಣ್ಣು ಕೊಡುವಾಗ ಮಾವ ಎಲ್ಲರೆದುರು ಪಾರಿವಾಳದ ಸಹವಾಸ ಬಿಡುವುದಾಗಿ ಆಣೆ ಮಾಡಿಸಿಕೊಂಡಿದ್ದರು. ಸಾಕ್ಷಿಯೇ ನಡೆಯದವನ ಆಣೆ ಎಷ್ಟು ದಿನ ನಡೆದೀತು? ಮದುವೆಯ ಸಿಹಿ ಮುಗಿಯುವ ಮೊದಲೇ ಗೂಡಿಗೆ ಹೊಸ ಹಲಗೆ ಬಿದ್ದಿತ್ತು.

ಅವಮಾನವನ್ನು ಆತ ತನ್ನದೇ ರೀತಿಯಲ್ಲಿ ತೀರಿಸಿಕೊಂಡಿದ್ದ. ಗೂಡಿನ ಅತ್ಯುತ್ತಮ ಗಂಡು, ಬೂದಿ ಮೈಯ, ಉಬ್ಬುಗೊರಳಿನ, ಹೆಜ್ಜೆಹೆಜ್ಜೆಗೂ ತೀರ್ಪು ಕೊಡುವಂತೆ ನಡೆಯುವ ಹಕ್ಕಿಗೆ ಖಾಜಿ ಎಂದು ಹೆಸರಿಟ್ಟಿದ್ದ. "ಊರಿನ ಖಾಜಿ ನನ್ನ ಮಾತು ಕೇಳಲ್ಲ. ನನ್ನ ಖಾಜಿ ಒಂದು ಸಿಳ್ಳೆಗೆ ಇಳಿದು ಬರ್ತಾನೆ. ಯಾರ ಕೋರ್ಟು ದೊಡ್ಡದು ಹೇಳಿ," ಎಂದು ಚಹಾದಂಗಡಿಯಲ್ಲಿ ಕೇಳುತ್ತಿದ್ದ.

ಈ ಕೋರ್ಟಿನ ಸುದ್ದಿಯನ್ನು ಎಲ್ಲೂ ಬಾಯಿಬಿಡದೆ ಬೆಳೆದವಳು, ಆತನಿಗೆ ಅಬು ರುಬಾ, ಅಂದರೆ ರುಬಾಳ ಅಪ್ಪ, ಎಂಬ ಹೆಸರು ತಂದ ಮಗಳು ರುಬಾ. ಶಾಲೆಯಲ್ಲಿ ಯಾರಾದರೂ ವಿಚಾರಿಸಿದರೆ "ನಮ್ಮಪ್ಪ ನೀರಿನ ಕೆಲಸದಲ್ಲಿದ್ದಾರೆ" ಎನ್ನುತ್ತಿದ್ದಳು. ಕೇಳಿದವರು ಅದನ್ನು ಸಚಿವಾಲಯದ ಕೆಲಸ ಎಂದುಕೊಂಡರೆ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಅದೇ ಹುಡುಗಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ, ಸುತ್ತಿ ಸುತ್ತಿ ಕೊನೆಗೆ ಸಂಶೋಧನೆಗೆ ಆರಿಸಿಕೊಂಡದ್ದು, ಪಾರಿವಾಳ ತನ್ನ ಮನೆದಾರಿಯನ್ನು ಹೇಗೆ ಕಂಡುಕೊಳ್ಳುತ್ತದೆ ಎಂಬುದನ್ನು. ಒಂದು ದಿನ ಊಟದ ನಡುವೆ, ತಟ್ಟೆಯಿಂದ ತಲೆಯೆತ್ತದೆ, "ಬಾಬಾ, ನಿನ್ನ ಒಂದು ಹಕ್ಕಿ ಬೇಕಿತ್ತು," ಎಂದಳು.

ಅಬು ರುಬಾ ಬಾಯಿಗಿಟ್ಟ ರೊಟ್ಟಿ ನುಂಗುವುದನ್ನೇ ಮರೆತ. "ಯಾವುದು?"

"ಎಲ್ಲಕ್ಕಿಂತ ಜಾಣ ಇರೋದು."

ರುಬಾಳ ತಾಯಿ ಉಮ್ ರುಬಾ ಹಣೆ ಚಚ್ಚಿಕೊಂಡಳು. "ಇವನೊಬ್ಬನ ಹುಚ್ಚು ಬಿಡಿಸೋದರಲ್ಲೇ ನನ್ನ ಕೂದಲು ಬೆಳ್ಳಗಾಯ್ತು. ಈಗ ಎರಡನೇ ಹುಚ್ಚಿಗೆ ಡಾಕ್ಟರ್ ಪದವೀನೂ ಕೊಡ್ತಾರಂತೆ."

ಆ ವಸಂತದಲ್ಲಿ ತಾರಸಿ ವಿಶ್ವವಿದ್ಯಾಲಯದ ಶಾಖೆಯೇ ಆಯಿತು. ರುಬಾ ಖಾಜಿಯ ಬೆನ್ನಿಗೆ ಉಗುರಿನಷ್ಟು ದೊಡ್ಡ ಯಂತ್ರ ಕಟ್ಟಿದಳು. ಹಕ್ಕಿ ಎಲ್ಲೆಲ್ಲಿ ಹೋಯಿತೋ ಅದೆಲ್ಲವನ್ನೂ ಅದು ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದೆ, ಬಿಚ್ಚಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಮಾತ್ರ ಬಾಯಿಬಿಡುತ್ತದೆ. ಅವಳ ಹಿಂದೆ ಎಂಜಿನಿಯರಿಂಗಿನ ಸನದ್ ಬಂದ. ಅಷ್ಟೊಂದು ಹಕ್ಕಿಗಳು ಡಿಕ್ಕಿಯಾಗದೆ ಒಟ್ಟಿಗೆ ತಿರುಗುವ ಗುಟ್ಟನ್ನು ಕದ್ದು ತನ್ನ ಡ್ರೋನುಗಳಿಗೆ ಕಲಿಸುವುದು ಅವನ ಆಸೆ. ಅವನ ಹಿಂದೆ ಸಮಾಜಶಾಸ್ತ್ರದ ಶಹಿನಾಝ್. ಕಶ್ಶಾಶನ ಸಾಕ್ಷಿ ನಡೆಯದು ಎಂಬುದು ಬಡವರ ಮೇಲಿನ ಬರೀ ಅಪವಾದ ಎಂದು ಸಾಧಿಸಿ ತೋರಿಸಲು ಅವಳು ಪಣ ತೊಟ್ಟಿದ್ದಳು. ತನ್ನ ಮಾನವನ್ನು ಎತ್ತಿ ಹಿಡಿಯಲು ಬಂದ ಈ ಹುಡುಗಿಗೆ ಅಬು ರುಬಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಅದರಲ್ಲಿ ಅರ್ಧದಷ್ಟು ನಿಜವೂ ಇತ್ತು.

ಯಂತ್ರ ಬಿಚ್ಚಬೇಕಾದ ದಿನ ಬಂತು. "ಬಾಬಾ, ಕತ್ತರಿ ತರ್ತೀನಿ. ಅಲ್ಲೀವರೆಗೂ ಹಾರಿಸಬೇಡ," ಎಂದು ಹೇಳಿ ರುಬಾ ಕೆಳಗಿಳಿದಳು.

ಸರಿಯಾಗಿ ಆಗಲೇ ಕಣಿವೆಯಾಚೆಯ ಗುಡ್ಡದಿಂದ ಅಬು ಝುಹೈರನ ಹಿಂಡು ಮೇಲೆದ್ದಿತು. ಅಬು ಝುಹೈರ್ ಎಳ್ಳು ಬ್ರೆಡ್ಡಿನ ಬೇಕರಿಯವನು, ಅಬು ರುಬಾನ ಹಳೆಯ ವೈರಿ. ಹಿಂದೊಮ್ಮೆ ಈತನ ಹಕ್ಕಿ ಹಿಡಿದು, ಶುಕ್ರವಾರದ ಸಂತೆಯಲ್ಲಿ ಈತನ ಕಣ್ಣೆದುರೇ ಮಾರಿದವನು. ಅಂದಿನಿಂದ ಇಬ್ಬರಿಗೂ ಸಲಾಮೂ ಇಲ್ಲ, ಕಲಾಮೂ ಇಲ್ಲ.

ಸನದ್ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಪಾಪ, ವಿಜ್ಞಾನದ ದೃಷ್ಟಿಯಿಂದಲೇ ಹೇಳಿದ: "ಮಾವ, ಅವರ ಹಿಂಡು ನಿಮ್ಮದಕ್ಕಿಂತ ಬಿಗಿಯಾಗಿ ತಿರುಗುತ್ತೆ ಅಲ್ವಾ?"

ಅಬು ರುಬಾ ಕೈಯಲ್ಲಿದ್ದ ಚಹಾ ಲೋಟವನ್ನು ಬಹಳ ಮೆತ್ತಗೆ ಕೆಳಗಿಟ್ಟ. "ಬಿಗಿ ಅಂದ್ರೆ ಏನು ಅಂತ ತೋರಿಸ್ಲಾ, ಮಗಾ?"

ಗೂಡಿನ ಬಾಗಿಲು ತೆರೆಯಿತು. ಕಪ್ಪು ಬಟ್ಟೆ ಕಟ್ಟಿದ ಗಳ ಗಾಳಿಯಲ್ಲಿ ಸುತ್ತಿತು. ಹಿಂಡು ಒಮ್ಮೆಗೇ ಭರ್ರನೆ ಎದ್ದು, ಮಸೀದಿಯ ಮಿನಾರನ್ನು ಬಳಸಿ, ಕಣಿವೆಗೆ ಧುಮುಕಿ, ಬಿಸಿಲಿಗೆ ಬೆಳ್ಳಿ ಎರಚಿದಂತೆ ಹೊಳೆದು ಮೇಲೇರಿತು. ಆಚೆಯ ಗುಡ್ಡದಿಂದಲೂ ಸಿಳ್ಳೆ ಕೇಳಿತು. ಒಂದೇ ಓಣಿಯಲ್ಲಿ ಎರಡು ಮದುವೆ ದಿಬ್ಬಣ ಎದುರಾದ ಹಾಗೆ ಹಿಂಡಿನೊಳಗೆ ಹಿಂಡು ನುಗ್ಗಿತು; ಯಾವುದು ಯಾರದು ಎಂಬುದೇ ತಿಳಿಯದಾಯಿತು. ಓಣಿಯ ಜನರೆಲ್ಲ ತಾರಸಿ ಹತ್ತಿದರು. ಒದ್ದೆ ಬಟ್ಟೆ ಹಿಡಿದ ಹೆಂಗಸರು ಹಾಗೇ ನಿಂತರು. ಶಹಿನಾಝ್ ಪ್ರಶ್ನೆಗಳನ್ನೆಲ್ಲ ಮರೆತು ಟ್ಯಾಂಕಿನ ಮೇಲೇರಿ, "ಎಡಕ್ಕೆ ಎಳೀರಿ ಮಾವ, ಎಡಕ್ಕೆ," ಎಂದು ಕೂಗಿಕೊಳ್ಳುತ್ತಿದ್ದಳು.

ಹಿಂಡುಗಳು ಬೇರೆಯಾದವು. ಅಬು ರುಬಾನವು ತಮ್ಮ ಗೂಡಿಗೆ ಬಂದು ಒಂದೊಂದಾಗಿ ಇಳಿದವು. ಒಂದು ಬೂದಿ ಹಕ್ಕಿ ಮಾತ್ರ, ಒಬ್ಬ ನ್ಯಾಯಾಧೀಶನಿಗೆ ತಕ್ಕುದಲ್ಲದ ಆತುರದಿಂದ, ಅಬು ಝುಹೈರನ ಬಿಳಿ ಹೆಣ್ಣು ಹಕ್ಕಿಯ ಬೆನ್ನುಹತ್ತಿ ಆಚೆಯ ತಾರಸಿಗೆ ಹೋಗಿ ಕೂತಿತು. ದೂರದಲ್ಲಿ ಬಲೆಯೊಂದು ಬಿದ್ದದ್ದು ಎಲ್ಲರಿಗೂ ಕಂಡಿತು.

ರುಬಾ ಕತ್ತರಿ ಹಿಡಿದು ಮೇಲೆ ಬಂದಳು. "ಖಾಜಿ ಎಲ್ಲಿ?"

ಸನದ್ ತನ್ನ ಬೂಟು ನೋಡಿಕೊಂಡ. ಶಹಿನಾಝ್ ಟ್ಯಾಂಕಿನಿಂದ ಇಳಿದಳು.

"ಹೊರಗೆ ಹೋಗಿದ್ದಾನೆ," ಎಂದ ಅಬು ರುಬಾ.

ರುಬಾ ಅಳಲಿಲ್ಲ, ಅತ್ತಿದ್ದರೆ ಆತನಿಗೆ ಸಮಾಧಾನವಾಗುತ್ತಿತ್ತು. "ಇಡೀ ವಸಂತ ಆ ಯಂತ್ರದ ಹೊಟ್ಟೇಲಿದೆ ಬಾಬಾ. ಅದಿಲ್ಲ ಅಂದ್ರೆ ನನ್ನ ಥೀಸಿಸ್ಸೇ ಇಲ್ಲ. ಹೋಗಿ ಕೇಳು."

"ಕೇಳೋದಾ? ಹಿಡಿದದ್ದು ಹಿಡಿದವನದು, ಮಗಳೇ. ಹೋದ ಹಕ್ಕೀನ ವಾಪಸ್ ಕೇಳಿದ ಕಶ್ಶಾಶ್ ಆಮೇಲೆ ಕೋಳಿ ಸಾಕಬೇಕು, ಅಷ್ಟೇ. ಖಾಜಿಯ ರೆಕ್ಕೆಗೆ ದಾರ ಕಟ್ಟಿರ್ತಾನೆ, ನಾನು ಎಷ್ಟು ಸಿಳ್ಳೆ ಹೊಡೆದ್ರೂ ಬರಲ್ಲ. ಇರೋದು ಒಂದೇ ದಾರಿ. ಆ ಬಿಳಿ ಹೆಣ್ಣನ್ನ ನಾನು ಹಿಡೀಬೇಕು. ಆಗ ಅದಲುಬದಲು. ಅದರಲ್ಲಿ ಅವಮಾನ ಇಲ್ಲ."

ಮರುದಿನ ಮಧ್ಯಾಹ್ನ ಇಡೀ ಓಣಿ ಅಂಗಡಿ ಮುಚ್ಚಿ ತಾರಸಿಯ ಮೇಲಿತ್ತು. ಅಬು ರುಬಾ ಹಿಂಡನ್ನು ಎತ್ತರಕ್ಕೆ ಬಿಟ್ಟ, ಕೆಳಗೆಳೆದ, ಮತ್ತೆ ಬಿಟ್ಟ. ಎದುರಿನ ಹಿಂಡೂ ಎದ್ದಿತು. ಬೆರೆಯಿತು. ಆತ ತನ್ನ ಗೂಡಿನ ಹೆಣ್ಣು ಹಕ್ಕಿಯೊಂದನ್ನು ಕೈಯಲ್ಲಿ ಹಿಡಿದು ರೆಕ್ಕೆ ಬಡಿಸಿದ. ನೀರಿನ ತಟ್ಟೆ ಹೊಳೆಯಿಸಿದ. ತುಟಿ ಒಡೆಯುವಷ್ಟು ಸಿಳ್ಳೆ ಹಾಕಿದ. ಬಿಳಿ ಹೆಣ್ಣು ಗುಂಪಿನಿಂದ ಬಿಡಿಸಿಕೊಂಡು ಬಂತು. ಒಂದು ಸುತ್ತು. ಇನ್ನೊಂದು ಸುತ್ತು. ಡಿಶ್ ಆಂಟೆನಾದ ಮೇಲೆ ಕೂತಿತು. ಆಮೇಲೆ ತಾರಸಿಯ ಅಂಚಿಗೆ ಇಳಿಯಿತು. ಉಮ್ ರುಬಾ ಕೂಡ, ಪಾರಿವಾಳದ ಮೇಲೆ ಹಳೆಯ ದ್ವೇಷವಿದ್ದ ಉಮ್ ರುಬಾ, ತಲೆವಸ್ತ್ರದ ತುದಿ ಕಚ್ಚಿಕೊಂಡು ಉಸಿರು ಬಿಗಿಹಿಡಿದಿದ್ದಳು. ಅಬು ರುಬಾ ಬಲೆ ಎತ್ತಿದ.

ಸಹಾಯ ಮಾಡೋಣವೆಂದು ಸನದ್ ಡ್ರೋನು ಬಿಟ್ಟ.

ಹಕ್ಕಿ ಎಲ್ಲಾದರೂ ಹಿಂದಕ್ಕೆ ಹಾರಿಬಿಟ್ಟರೆ ದಾರಿ ಅಡ್ಡಗಟ್ಟುವುದು ಅವನ ಲೆಕ್ಕ. ಡ್ರೋನಿನಲ್ಲಿ ಗಿಡುಗನ ರೆಕ್ಕೆ ಕಂಡ ಪಾರಿವಾಳಗಳ ಲೆಕ್ಕ ಬೇರೆ. ಗುಂಯ್ ಎಂದದ್ದೇ ತಡ, ಬಿಳಿ ಹೆಣ್ಣು ಮಾಯ, ಅಬು ರುಬಾನ ಸ್ವಂತ ಹಿಂಡೂ ದಿಕ್ಕಾಪಾಲು. ಎರಡು ಹಕ್ಕಿ ಪಕ್ಕದ ಮನೆಯ ಅಡುಗೆಮನೆಗೆ ನುಗ್ಗಿದವು; ಅಲ್ಲಿಂದ ಪಾತ್ರೆ ಬಿದ್ದ ಸದ್ದು, ಮುದುಕಿಯೊಬ್ಬಳ ಶಾಪ. ಡ್ರೋನು ಬಟ್ಟೆ ಒಣಹಾಕಿದ ಹಗ್ಗಕ್ಕೆ ಸುತ್ತಿಕೊಂಡು ಯಾರದೋ ಪೈಜಾಮದೊಳಗೆ ಪ್ರಾಣಬಿಟ್ಟಿತು.

"ಡಿಕ್ಕಿಯಾಗದೆ ತಿರುಗೋದನ್ನ ಇನ್ನೂ ಕಲಿಸಿಲ್ಲ ಅನ್ಸುತ್ತೆ," ಎಂದಳು ಉಮ್ ರುಬಾ.

ಅಬು ರುಬಾ ಬಲೆಯನ್ನು ಗೋಡೆಗೆ ಒರಗಿಸಿ, ಮುಖ ತೊಳೆದು, ಹಬ್ಬದ ಕೋಟು ತೊಟ್ಟ. ರುಬಾ ಕತ್ತರಿ ಹಿಡಿದುಕೊಂಡೇ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು.

ಕಣಿವೆ ಇಳಿದು ಎದುರಿನ ಮೆಟ್ಟಿಲು ಹತ್ತುವಾಗ ಆತ ಹೇಳಬೇಕಾದ ಮಾತನ್ನು ಬಾಯಲ್ಲೇ ಹತ್ತು ಬಗೆಯಲ್ಲಿ ತಿರುಗಿಸಿ ನೋಡಿದ. ಬಾಗಿಲು ತೆರೆದು ಅಬು ಝುಹೈರ್, ತೋಳಿನ ತುಂಬ ಹಿಟ್ಟು, ಎದುರು ನಿಂತಾಗ ಹತ್ತರಲ್ಲಿ ಒಂದೂ ನೆನಪಾಗಲಿಲ್ಲ.

"ನಿನ್ನ ಟ್ಯಾಂಕು ಸೋರ್ತಿದೆ," ಎಂದ ಅಬು ರುಬಾ.

"ಎಂಟು ವರ್ಷದಿಂದ ಸೋರ್ತಿದೆ. ಅದನ್ನ ಹೇಳೋಕೆ ಕೋಟು ಹಾಕ್ಕೊಂಡು ಬಂದ್ಯಾ?"

ಅಬು ರುಬಾ ಮಗಳ ಕಡೆ ನೋಡಿದ. ಅವಳು ಇನ್ನೂ ಕತ್ತರಿ ಹಿಡಿದೇ ಇದ್ದಳು. "ಹಕ್ಕಿ ಬೇಕು," ಎಂದ. "ಅದಲುಬದಲಿಗೆ ನನ್ನ ಹತ್ರ ಏನೂ ಇಲ್ಲ. ಸುಮ್ನೆ ಕೇಳ್ತಿದ್ದೀನಿ."

ಅಬು ಝುಹೈರ್ ಬಾಗಿಲಿಗೊರಗಿದ. "ಅದರ ಬೆನ್ನ ಮೇಲೆ ಅದೇನು? ನಮ್ಮನೆಯವಳು ನಿನ್ನೆಯಿಂದ ಮುಸುಕು ತೆಗೆದಿಲ್ಲ. ನಮ್ಮ ತಾರಸಿ ನೋಡೋಕೆ ನೀನೇ ಕ್ಯಾಮೆರಾ ಕಳಿಸಿದ್ದೀಯ ಅಂತಾಳೆ."

ರುಬಾ ಯಂತ್ರದ ವಿಚಾರ ಹೇಳಿದಳು. ಅವನು ಗಮನವಿಟ್ಟು ಕೇಳಿದ, ಮತ್ತೊಮ್ಮೆ ಹೇಳಿಸಿಕೊಂಡ, ಎಷ್ಟು ಎತ್ತರ ಹಾರಿದೆ ಎಂಬುದೂ ಗೊತ್ತಾಗುತ್ತಾ ಎಂದ. ಕೊನೆಗೆ ಮುಖ ಗಂಟಿಕ್ಕಿ ಹೇಳಿದ: "ಇಡೀ ವಸಂತ ನೋಡ್ತಾನೇ ಇದ್ದೆ. ಯೂನಿವರ್ಸಿಟಿಯವರು ದುರ್ಬೀನು ಹಿಡ್ಕೊಂಡು ಬರೋದೇನು, ಚಹಾ ಕುಡಿಯೋದೇನು, ಬರಕೊಳ್ಳೋದೇನು. ಎಲ್ಲಾ ಇವನ ತಾರಸಿಗೆ. ನಮ್ಮ ಹಕ್ಕಿಗೇನು ಮನೆದಾರಿ ಗೊತ್ತಿಲ್ವಾ? ನಾನೇನು ಕಶ್ಶಾಶ್ ಅಲ್ವಾ?"

"ಮುಂದಿನ ವಾರವೇ ಬರ್ತಾರೆ ಮಾವ," ಎಂದಳು ರುಬಾ ತಕ್ಷಣ. "ಶಹಿನಾಝ್ ನಿಮ್ಮನ್ನೂ ಕೇಳ್ಬೇಕು ಅಂತಿದ್ದಳು." ಶಹಿನಾಝ್ ಹಾಗೆಂದಿರಲೇ ಇಲ್ಲ.

ಅವನು ಒಳಗೆ ಹೋಗಿ ಖಾಜಿಯನ್ನು ತಂದು ರುಬಾಳ ಕೈಗಿಟ್ಟ. ಅಬು ರುಬಾ ನೆಲ ನೋಡುತ್ತಾ, "ನಾನು ಬಂದು ಕೇಳಿದ್ದು ನಾಳೆ ಚಹಾದಂಗಡೀಲಿ..." ಎಂದು ತಡವರಿಸಿದ.

"ಹೇಳಿದ್ರೆ ಯಾರು ನಂಬ್ತಾರೆ, ಅಬು ರುಬಾ? ಕಶ್ಶಾಶನ ಸಾಕ್ಷಿ ಎಲ್ಲಿ ನಡೆಯುತ್ತೆ?" ಅಬು ಝುಹೈರ್ ಬಾಗಿಲು ಹಾಕಿದವನು ಮತ್ತೆ ತೆರೆದ. "ನಾಳೆ ಬಂದು ಟ್ಯಾಂಕು ನೋಡು."

ಯಂತ್ರವನ್ನು ಮನೆಯಲ್ಲೇ ಜೋಪಾನವಾಗಿ ಬಿಚ್ಚೋಣವೆಂದು ರುಬಾ ಕತ್ತರಿ ಒಳಗಿಟ್ಟಳು. ಬರುವಾಗ ಇಬ್ಬರೂ ಫಲಾಫೆಲ್ ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತು ತಿಂದರು. ಅಂಗಡಿಯೆದುರು ರುಬಾಳ ಶಾಲೆಯ ಗೆಳತಿಯೊಬ್ಬಳು ಸಿಕ್ಕಿ, ತೋಳಿನಲ್ಲಿದ್ದ ಹಕ್ಕಿ ನೋಡಿ ಹುಬ್ಬೇರಿಸಿದಳು. "ನಮ್ಮಪ್ಪಂದು," ಎಂದಳು ರುಬಾ. ಅಬು ರುಬಾ ಆ ಹೊತ್ತಿಗೆ ಫಲಾಫೆಲಿನ ಖಾರದ ಬಗ್ಗೆ ಏನೋ ಗೊಣಗಿ ಕಣ್ಣೊರೆಸಿಕೊಂಡ.

ಮುಂದಿನ ವಾರ ಶಹಿನಾಝ್ ಇಬ್ಬರು ಕಶ್ಶಾಶರನ್ನೂ ಬೇರೆ ಬೇರೆ ಕೂರಿಸಿ ಕೇಳಿದಳು. ಖಾಜಿ ಹೇಗೆ ಹಿಂದಿರುಗಿತು? "ದಾರ ಕಚ್ಚಿ ಬಿಡಿಸ್ಕೊಂಡು ಹಾರಿಹೋಯ್ತು, ಕಣ್ಣಾರೆ ಕಂಡೆ. ಅವನು ಬಂದು ಕೇಳೋದಾ? ಸತ್ತರೂ ಕೇಳೋನಲ್ಲ," ಎಂದ ಅಬು ಝುಹೈರ್. "ದಾರ ಕಚ್ಚಿ ಬಿಡಿಸ್ಕೊಂಡು ಹಾರಿಬಂತು. ನಾನು ಕೇಳೋದಾ? ಸತ್ತರೂ ಇಲ್ಲ," ಎಂದ ಅಬು ರುಬಾ. ಶಹಿನಾಝ್ ಕುಣಿದಾಡುವುದೊಂದು ಬಾಕಿ. ಒಬ್ಬರಿಗೊಬ್ಬರು ಮಾತೇ ಆಡದ ಇಬ್ಬರು ವೈರಿಗಳು, ಹೇಳಿಕೆ ಮಾತ್ರ ಅಕ್ಷರ ಅಕ್ಷರ ಒಂದೇ! ಕಶ್ಶಾಶನ ಮಾತಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ ಎಂದು ಬರೆದುಕೊಂಡಳು.

ಅಬು ರುಬಾನ ತಾರಸಿಯಲ್ಲಿ, ಅವಳ ಪಕ್ಕದಲ್ಲೇ, ಸನದ್ ರುಬಾಳ ಕಂಪ್ಯೂಟರಿನಲ್ಲಿ ಯಂತ್ರದ ಗೆರೆಗಳನ್ನು ನೋಡುತ್ತಿದ್ದ. ವಸಂತವೆಲ್ಲ ಅಲ್ಲಿತ್ತು, ಸುತ್ತಿನ ಮೇಲೆ ಸುತ್ತು. ಕೊನೆಯ ಗೆರೆಗೆ ಬಂದವನು ಮೂಗನ್ನು ಪರದೆಗೆ ತಾಗಿಸಿದ.

"ರುಬಾ, ಇಲ್ಲಿ ನೋಡು. ಈ ಹಕ್ಕಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಆಮೇಲೆ ಫಲಾಫೆಲ್ ಅಂಗಡಿ ಮುಂದೆ ಅಷ್ಟು ಹೊತ್ತು ನಿಂತಿದೆ."

ಗೂಡಿಗೆ ನೀರು ಸುರಿಯುತ್ತಿದ್ದ ಅಬು ರುಬಾನ ಕೈ ನಿಂತಿತು.

ಕಶ್ಶಾಶನ ಮಗಳು ರೆಪ್ಪೆ ಕೂಡ ಬಡಿಯಲಿಲ್ಲ. "ಹಸಿದಿತ್ತೇನೋ," ಎಂದಳು.