ತೂಕಕ್ಕಿಟ್ಟ ಟ್ರಾನ್ಸ್‌ಫಾರ್ಮರ್

ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡುವ ಪದ್ಧತಿಯಿಲ್ಲ, ಕೈಯಲ್ಲಿ ಎತ್ತಿ ನೋಡುತ್ತಾರೆ. ನನ್ನ ಗಂಡನ ಮನೆಯವರು ರಾಣೆಬೆನ್ನೂರಿನಲ್ಲಿ ಅಜ್ಜನ ಕಾಲದಿಂದ ಬೀಜದ ಅಂಗಡಿ ನಡೆಸಿಕೊಂಡು ಬಂದವರು. ಗಟ್ಟಿ ಕಾಳು ಮುಳುಗುತ್ತದೆ, ಜಳ್ಳು ತೇಲುತ್ತದೆ ಎಂಬುದು ಅವರ ಪಾಲಿನ ವೇದ. ಕಲ್ಲಂಗಡಿಯಿಂದ ಹಿಡಿದು ಬೆಳ್ಳಿ ಲೋಟದವರೆಗೆ ಎಲ್ಲಕ್ಕೂ ಅದೇ ಪರೀಕ್ಷೆ. ನನ್ನನ್ನು ನೋಡಲು ಬಂದಾಗಲೂ ಅತ್ತೆ "ಹುಡುಗಿ ಭಾಳ ಹಗೂರ ಅದಾಳ" ಎಂದು ಒಪ್ಪಿಗೆ ಕೊಡಲು ತಡ ಮಾಡಿದ್ದರಂತೆ. ನನ್ನ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಸರ್ಟಿಫಿಕೇಟು ಬರೀ ಕಾಗದ, ಅದಂತೂ ತೂಗುವುದೇ ಇಲ್ಲ. ಮಿಕ್ಸರ್ ಕೆಟ್ಟಾಗ ಮಾತ್ರ ಅದರ ನೆನಪಾಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ಅಂಥ ಮನೆಯಲ್ಲಿ ನಾನು ಆಂಪ್ಲಿಫೈಯರ್ ಕಟ್ಟಲು ಕೂತದ್ದಕ್ಕೆ ಅತ್ತೆಯ ಗಂಟಲು ಕಾರಣ. ಥೈರಾಯ್ಡ್ ಗಡ್ಡೆಯ ಆಪರೇಷನ್ ಆದ ಮೇಲೆ ಅವರ ದನಿ ಅರ್ಧಕ್ಕೆ ಇಳಿದಿತ್ತು. ಜೀವಕ್ಕೇನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದರು. ಅತ್ತೆಗೆ ಜೀವದ ಚಿಂತೆ ಇದ್ದರಲ್ಲವೇ! ನಮ್ಮ ಓಣಿಯ ಯಾವ ತೊಟ್ಟಿಲಿಗಾದರೂ ಜೋಗುಳ ಎತ್ತಿಕೊಡುತ್ತಿದ್ದವರು ಅವರು. ಈಗ ಅಡುಗೆಮನೆಯಿಂದ ಕೂಗಿದರೆ ಪಡಸಾಲೆಗೂ ಕೇಳಿಸುತ್ತಿರಲಿಲ್ಲ. ನನಗೇನೋ ಮನೆ ಸ್ವಲ್ಪ ತಣ್ಣಗಾಯಿತು ಅನಿಸಿತ್ತು, ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಅಷ್ಟರಲ್ಲಿ ನಾದಿನಿ ಹೆರಿಗೆಗೆಂದು ಬ್ಯಾಡಗಿಯಿಂದ ಬಂದು, ನಮ್ಮ ಮನೆಯಲ್ಲೇ ಬಾಣಂತಿಯಾದಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಹೆಣ್ಣುಮಗು. ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ನಮ್ಮಲ್ಲಿ ತೊಟ್ಟಿಲು ಯಾರ ಮನೆಯಲ್ಲಿ ಕಟ್ಟುತ್ತಾರೋ ಆ ಮನೆಯ ಹಿರಿ ಹೆಂಗಸು ಪದ ಎತ್ತಿಕೊಡಬೇಕು, ನೆರೆದವರೆಲ್ಲ "ಜೋ ಜೋ" ಎಂದು ಹಿಂದೆ ಹಿಡಿಯಬೇಕು. ಆಕೆಗೆ ಆಗದಿದ್ದರೆ ಆ ಮರ್ಯಾದೆ ಬೀಗತಿಗೆ ಹೋಗುತ್ತದೆ. ನಮ್ಮ ಬೀಗತಿ, ಅಂದರೆ ನಾದಿನಿಯ ಅತ್ತೆಯದು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದಲ್ಲಿ ಪಳಗಿದ ಗಂಟಲು. ಚೀಲದ ರಾಶಿಯ ಆಚೆ ನಿಂತ ಹಮಾಲರನ್ನು ಈಚೆಯಿಂದಲೇ ಕರೆಯಬಲ್ಲರು. ಅವರು ಹಾಡಿದರೆ ಮೋಟೆಬೆನ್ನೂರಿನ ಕೂಸುಗಳೂ ಮಲಗುತ್ತವೆ ಎಂದು ನನ್ನ ಗಂಡ ತಮಾಷೆ ಮಾಡಿದ್ದಕ್ಕೆ ಅತ್ತೆ ಒಂದು ಹೊತ್ತು ಊಟ ಬಿಟ್ಟರು.

"ನಮ್ಮ ಮನಿ ತೊಟ್ಟಿಲಕ್ಕ ಆಕಿ ಪದಾ ಹೇಳಬೇಕೇನು? ಹಂಗಾರ ತೊಟ್ಟಿಲಾನ ಕಟ್ಟಬ್ಯಾಡ್ರಿ" ಎಂದರು. ಅಷ್ಟು ಹೇಳುವುದಕ್ಕೇ ಅವರಿಗೆ ನಡುವೆ ಎರಡು ಸಲ ಉಸಿರು ಬೇಕಾಯಿತು. ಅದನ್ನು ನೋಡಿ ನನಗೆ ನಿಜವಾಗಿಯೂ ಕೆಡುಕೆನಿಸಿತು.

ಬಾಡಿಗೆಯ ಮೈಕ್ ತರೋಣವೆಂದರೆ ಅತ್ತೆ ಒಪ್ಪಲಿಲ್ಲ. ಆಪರೇಷನ್ನಿಗೆ ಮೊದಲೊಮ್ಮೆ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಭಜನೆಗೆ ಹೋದಾಗ ಅಂಥದೊಂದರ ಮುಂದೆ ಕೂತು ನೋಡಿದ್ದರು. "ಅದು ಗುಂಯ್ ಅಂತಿತ್ತು, ನಾ ಹಾಡತಿದ್ದೆ. ಮಂದಿ ಅದರದನ್ನ ಕೇಳಿದ್ರು" ಎಂದರು. ಆಗಲೇ ನಾನು, ಗುಂಯ್ ಅನ್ನದ್ದನ್ನು ನಾನೇ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಮಾತು ಬಾಯಿಂದ ಹೊರಟ ಮೇಲೆ ಅದರ ಬಾಲ ಹಿಡಿದು ಎಳೆದರೆ ಬರುತ್ತದೆಯೇ?

ಆಂಪ್ಲಿಫೈಯರ್ ಬೋರ್ಡು ಆನ್‌ಲೈನಿನಲ್ಲಿ ಬಂತು. ಅಂಗೈಯಗಲದ ಹಸಿರು ಹಲಗೆ. ಸ್ಪೀಕರು ಅಂಗಡಿಯಲ್ಲೇ ಇದ್ದವು, ಮುಂಗಾರಿಗೆ ಮೊದಲು ಟೆಂಪೋ ಮೇಲೆ ಕಟ್ಟಿ ಹತ್ತಿಬೀಜದ ಪ್ರಚಾರ ಮಾಡುವಂಥವು. ಉಳಿದದ್ದು ಬೋರ್ಡಿಗೆ ಕರೆಂಟು ಉಣಿಸುವ ಪವರ್ ಸಪ್ಲೈ ಒಂದೇ. ಆ ಬೋರ್ಡಿಗೆ ಇಪ್ಪತ್ತಾರು ವೋಲ್ಟಿಗಿಂತ ಹೆಚ್ಚು ಕೊಟ್ಟರೆ ಸುಟ್ಟುಹೋಗುತ್ತದೆ. ನಾನು ಇಪ್ಪತ್ನಾಲ್ಕು ವೋಲ್ಟಿನ ಎಸ್‌ಎಂಪಿಎಸ್ ಎಂಬ ಹೊಸ ಕಾಲದ ಪವರ್ ಸಪ್ಲೈ ತರಿಸಿಟ್ಟಿದ್ದೆ, ತೂತುತೂತಿನ ತಗಡಿನ ಡಬ್ಬಿ. ಮನೆಯವರೆಲ್ಲ ಒಬ್ಬೊಬ್ಬರಾಗಿ ಅದನ್ನು ಎತ್ತಿ ನೋಡಿದರು.

"ಇದರಾಗ ಏನೂ ಇಲ್ಲಲ್ಲೇ" ಎಂದರು ನನ್ನ ಗಂಡ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ. "ಜಳ್ಳ ಐತಿ."

"ಅದು ಇರೋದ ಹಂಗ್ರಿ. ಒಳಗ ಸಣ್ಣ ಟ್ರಾನ್ಸ್‌ಫಾರ್ಮರ್ ಇರ್ತದ, ಭಾಳ ಜೋರಿನಿಂದ ಕೆಲಸಾ ಮಾಡ್ತದ."

"ಸಣ್ಣದು ಎಷ್ಟರ ಜೋರು ಮಾಡೀತು? ಅವ್ವನ ಮರ್ಯಾದಿ ಪ್ರಶ್ನೆ ಐತಿ. ಗಟ್ಟಿದು ಹಾಕು."

ಗಟ್ಟಿದು ಅಂದರೆ ತಾಮ್ರದ ತಂತಿ ಸುತ್ತಿದ ಕಬ್ಬಿಣದ ಟ್ರಾನ್ಸ್‌ಫಾರ್ಮರ್. ವಾದ ಮಾಡುವ ಬದಲು ಒಪ್ಪಿಕೊಂಡೆ. ಅದೂ ಕೆಟ್ಟದ್ದೇನಲ್ಲ, ಅದನ್ನೇ ಮೆಚ್ಚುವವರೂ ಇದ್ದಾರೆ. ಲೆಕ್ಕ ಮಾತ್ರ ಬೇರೆ. ಟ್ರಾನ್ಸ್‌ಫಾರ್ಮರಿನ ಮೇಲೆ ಹದಿನೈದು ವೋಲ್ಟ್ ಎಂದಿದ್ದರೆ, ಡಯೋಡು, ಕೆಪಾಸಿಟರು ದಾಟಿ ಬೋರ್ಡಿಗೆ ಮುಟ್ಟುವಷ್ಟರಲ್ಲಿ ಅದು ಇಪ್ಪತ್ತನ್ನು ಮೀರಿರುತ್ತದೆ. ನಮ್ಮ ಓಣಿಯ ಕರೆಂಟು ಏರಿದರೆ ಇನ್ನೂ ಸ್ವಲ್ಪ ಮೇಲೆ. ಆದ್ದರಿಂದ ಹದಿನೈದೇ ಇರಲಿ, ಒಂದೂ ಹೆಚ್ಚಾಗಬಾರದು ಎಂದು ಹೇಳಿ, ಹಾವೇರಿಯಲ್ಲಿ ವೈಂಡಿಂಗ್ ಮಾಡುವವರ ಹತ್ತಿರ ಗಂಡನನ್ನು ಕಳಿಸಿದೆ.

ಅವರು ಅಪ್ಪಿಕೊಂಡು ತಂದ ಟ್ರಾನ್ಸ್‌ಫಾರ್ಮರನ್ನು ನೋಡಿ ಮನೆಯೆಲ್ಲ ಖುಷಿಪಟ್ಟಿತು. ಅತ್ತೆ ಎರಡೂ ಕೈಯಿಂದ ಎತ್ತಿ "ಈಗ ಹೌದು" ಎಂದರು. ನಾನು ಡಯೋಡು, ಕೆಪಾಸಿಟರು ಜೋಡಿಸಿ, ಬೋರ್ಡಿಗೆ ಕೊಡುವ ಮೊದಲು ಮೀಟರ್ ಹಿಡಿದೆ. ಇಪ್ಪತ್ತೊಂಬತ್ತು ತೋರಿಸಿತು. ಮೀಟರ್ ಕೆಟ್ಟಿರಬೇಕು ಎಂದುಕೊಂಡು ಟಾರ್ಚಿನ ಸೆಲ್ಲಿಗೆ ಹಿಡಿದು ನೋಡಿದೆ, ಮೀಟರು ಸರಿಯಾಗಿಯೇ ಇತ್ತು.

"ಹದಿನೈದು ಅಂತ ಹೇಳಿದ್ರಿ ಹೌದಲ್ಲ?" ಎಂದು ಗಂಡನನ್ನು ಕೇಳಿದೆ.

"ಹೇಳಿದೆ. ಕಡೀಕ, ಚೂರು ಕೊಸರು ಹಾಕ್ರಿ ಅಂದೆ. ಪಾಪ, ಬ್ಯಾಡ ಅನ್ನಲಿಲ್ಲ, ರೊಕ್ಕಾನೂ ಹೆಚ್ಚಿಗಿ ಕೇಳಲಿಲ್ಲ. ಐದು ವೋಲ್ಟಿನಷ್ಟು ಸುತ್ತು ಜಾಸ್ತಿನ ಹಾಕ್ಯಾರ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಂತೆಯಲ್ಲಿ ಅಳೆದು ಕೊಟ್ಟ ಮೇಲೂ ಒಂದು ಹಿಡಿ ಕೊಸರು ಹಾಕದಿದ್ದರೆ ಅವನೆಂಥ ವ್ಯಾಪಾರಿ, ಕೇಳದಿದ್ದರೆ ಇವನೆಂಥ ಗಿರಾಕಿ! ಬದನೆಕಾಯಿಗೆ ಸರಿ, ಬೀಜಕ್ಕೂ ಸರಿ. ವೋಲ್ಟಿಗೂ ಕೊಸರು ಕೇಳಿದ ಮೊದಲ ಗಂಡಸು ನನ್ನ ಪಾಲಿಗೇ ಬರಬೇಕಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರಿಗೆ ತಪ್ಪೇನೆಂದು ಅರ್ಥವಾಗಲಿಲ್ಲ. "ಜಾಸ್ತಿ ಇದ್ದರ ಛಲೋನ ಅಲ್ಲ?" ಎಂದು ಅತ್ತೆಯೂ ಮಗನ ಪಕ್ಷ ವಹಿಸಿದರು. ವೈಂಡಿಂಗಿನವರಿಗೆ ಫೋನು ಮಾಡಿದರೆ, ವಾರ್ನಿಷ್ ಒಣಗಿದೆ, ಬಿಚ್ಚಿ ಸುತ್ತಲು ಮುಂದಿನ ವಾರವೇ ಆದೀತು ಎಂದರು. ತೊಟ್ಟಿಲ ಕಾರ್ಯ ಅದಕ್ಕೆ ಮೊದಲೇ ಇತ್ತು.

ಕೊನೆಗೆ ನಾನು ಯಾರಿಗೂ ಹೇಳದೆ ಕೆಲಸ ಮುಗಿಸಿದೆ. ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಆ ಜಳ್ಳು ಎಸ್‌ಎಂಪಿಎಸ್ಸನ್ನೇ ಕೂರಿಸಿ, ದಪ್ಪ ವೈರು ಎಳೆದು, ಫ್ಯೂಸು ಹಾಕಿ ಬೋರ್ಡಿಗೆ ಕೊಟ್ಟೆ. ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರನ್ನು ನಾಲ್ಕು ಬೋಲ್ಟು ಹಾಕಿ ಬಿಗಿದೆ. ಅದಕ್ಕೆ ಒಂದು ವೈರನ್ನೂ ಜೋಡಿಸಲಿಲ್ಲ, ಬರೀ ತೂಕಕ್ಕೆ. ಮನೆಯವರು ಪೆಟ್ಟಿಗೆ ಎತ್ತಿ ನೋಡಿ ತಲೆದೂಗಿದರು. ಕರೆಂಟಿಲ್ಲದೆ ಅಷ್ಟು ಮರ್ಯಾದೆ ಗಳಿಸಿದ ಟ್ರಾನ್ಸ್‌ಫಾರ್ಮರ್ ಇನ್ನೊಂದು ಇರಲಾರದು.

ಆದರೂ ಗುಂಯ್ ಎನ್ನುವುದು ಸಣ್ಣಗೆ ಉಳಿದಿತ್ತು. ಹುಡುಕಿದರೆ ದೋಷ ಮನೆಯ ಅರ್ಥಿಂಗಿನದು. ನಮ್ಮ ಸಾಕೆಟ್ಟುಗಳ ಮೂರನೆಯ ತೂತು ಚಂದಕ್ಕೆ ಮಾತ್ರ ಇತ್ತು. ಹಿತ್ತಲಲ್ಲಿ ಅರ್ಥಿಂಗಿಗೆಂದು ಉಪ್ಪು, ಇದ್ದಿಲು ಹಾಕಿ ಮುಚ್ಚಿದ್ದ ಹಳೆಯ ಗುಂಡಿ ಬೇಸಗೆಗೆ ಒಣಗಿಹೋಗಿತ್ತು. ಅದರೊಳಗಿನ ಪೈಪಿಗೆ ಹೊಸ ತಂತಿ ಕಟ್ಟಿಸಿ, ದಿನಾ ಮುಂಜಾನೆ ಒಂದು ಕೊಡ ನೀರು ಹೊಯ್ಯತೊಡಗಿದೆ. ಅತ್ತೆ ಕಿಟಕಿಯಿಂದ ನೋಡಿ "ಅಲ್ಲಿ ಯಾವ ದೇವರ ಅದಾನವಾ? ತುಳಸಿಗೆ ಹಾಕಾಕ ನಿನಗ ನೆನಪ ಇರೂದಿಲ್ಲ" ಎಂದರು. ಎರಡನೆಯ ಮುಂಜಾನೆಗೆ ಸದ್ದು ನಿಂತಿತು.

ಕಾರ್ಯದ ದಿನ ಪಡಸಾಲೆ ತುಂಬಿತು. ಬ್ಯಾಡಗಿಯಿಂದ ಒಂದು ಬಸ್ ಹೆಂಗಸರು ಬಂದರು, ಬೀಗತಿ ಎಲ್ಲರಿಗಿಂತ ಮುಂದೆ. ಶಾಸ್ತ್ರಗಳು ಮುಗಿದು, ಕೂಸನ್ನು ತೊಟ್ಟಿಲಿಗೆ ಹಾಕಿ, ಅತ್ತೆ ಹಗ್ಗ ಹಿಡಿದರು. ನಾನು ಅವರ ಮುಂದೆ ಮೈಕ್ ಇಟ್ಟು, ಸ್ವಿಚ್ ಒತ್ತಿ ಪೆಟ್ಟಿಗೆಯ ಪಕ್ಕ ನಿಂತೆ. 

ಮೊದಲ ಸಾಲು ಸ್ಪೀಕರಿನಿಂದ ಬಂತು. ಎಷ್ಟು ಸ್ವಚ್ಛ ಬಂತೆಂದರೆ, ದನಿಯ ಜೊತೆಗೆ ಆ ದನಿಯ ಸೀಳು, ಉಸಿರಿನ ಸುಯ್ಯೆನ್ನುವ ಸದ್ದು, ನುಂಗಿದ ಎಂಜಲು, ಎಲ್ಲವೂ ಗೋಡೆಯಿಂದ ಗೋಡೆಗೆ ಕೇಳಿಸಿತು. ಸಾಲು ಮುಗಿಸಿ ಅತ್ತೆ ಕಾದರು. "ಜೋ ಜೋ" ಎನ್ನಬೇಕಾದವರು ಯಾರೂ ಅನ್ನಲಿಲ್ಲ. ಮೈಕ್ ಬಂದ ಕೂಡಲೇ ಅವರೆಲ್ಲ ಸಭೆಯಾಗಿಬಿಟ್ಟಿದ್ದರು, ಕೈಕಟ್ಟಿ ಕೂತು ಕೇಳುತ್ತಿದ್ದರು, ಕೆಲವರು ಮೊಬೈಲ್ ಎತ್ತಿ ಹಿಡಿದಿದ್ದರು. ಅತ್ತೆ ಎರಡನೆಯ ಸಾಲು ಎತ್ತಿದರು, ನಡುವೆ ದನಿ ಮುರಿಯಿತು, ಆ ಮುರಿದದ್ದೂ ದೊಡ್ಡದಾಗಿ ಕೇಳಿಸಿತು. ಸುಮ್ಮನಾದರು. ಆಪರೇಷನ್ ಆದ ಮೇಲೆ ತಮ್ಮ ದನಿಯನ್ನು ಅವರು ಹೊರಗಿನಿಂದ ಕೇಳಿದ್ದು ಅದೇ ಮೊದಲು. ನಾನು ಪೆದ್ದಿಯ ಹಾಗೆ ಬಗ್ಗಿ ಮೀಟರ್ ಹಿಡಿದು ನೋಡಿದೆ. ಇಪ್ಪತ್ನಾಲ್ಕು ವೋಲ್ಟು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

"ಇದನ್ನ ಬಂದ್ ಮಾಡವಾ" ಎಂದರು ಅತ್ತೆ. ಮಾಡಿದೆ. ಬೀಗತಿಯ ಕಡೆಯವರು ಬೀಗತಿಯ ಮುಖ ನೋಡಿದರು. ಒಬ್ಬಾಕೆ "ನೀವರ ಪದಾ ಹೇಳ್ರಿ" ಎಂದು ಅವರ ಮೊಳಕೈ ತಿವಿದಳು. ಎಲ್ಲ ಮುಗಿಯಿತು ಎಂದುಕೊಂಡೆ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಬೀಗತಿ ಎದ್ದುಬಂದು ತೊಟ್ಟಿಲಿನ ಇನ್ನೊಂದು ಪಕ್ಕ ನಿಂತರು. "ಅಕ್ಕಾರ, ಮೊದಲಿನಿಂದ ಹೇಳ್ರಿ. ಏ, ಎಲ್ಲಾರೂ ಹತ್ರ ಬರ್ರೆ, ದೂರ ಕುಂತರ ಕೂಸಿಗೆ ಕೇಳತೈತೇನು?" ಎಂದರು. ಹೆಂಗಸರು ಸರಿದು ಸರಿದು ತೊಟ್ಟಿಲ ಸುತ್ತ ಒತ್ತಾಗಿ ಕೂತರು. ಅತ್ತೆ ಮತ್ತೆ ಮೊದಲ ಸಾಲು ಎತ್ತಿದರು. "ಜೋ ಜೋ" ಎಂದು ಮೊದಲು ಹಿಡಿದದ್ದು ಬೀಗತಿಯೇ. ಎಷ್ಟು ಮೆಲ್ಲಗೆಂದರೆ, ಬೇರೆ ಯಾರೋ ಅಂದರೆಂದು ನಾನು ತಿರುಗಿ ನೋಡಿದೆ. ಅಷ್ಟು ದೊಡ್ಡ ಗಂಟಲನ್ನು ಅವರು ಅತ್ತೆಯ ದನಿಗಿಂತ ಕೆಳಗೇ ಹಿಡಿದಿಟ್ಟುಕೊಂಡಿದ್ದರು. ಸಾಲಿನ ನಡುವೆ ಅತ್ತೆಯ ಉಸಿರು ಸೋತಲ್ಲಿ ತಾವು ಸಣ್ಣಗೆ ಸೇರುತ್ತಿದ್ದರು, ಅತ್ತೆಗೆ ಉಸಿರು ತಿರುಗಿದ ಕೂಡಲೇ ಬಿಟ್ಟುಕೊಡುತ್ತಿದ್ದರು.  ಕೂಸು ಯಾವಾಗ ಮಲಗಿತೋ ಯಾರೂ ನೋಡಲಿಲ್ಲ.

ಪದ ಮುಗಿದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಹಳೆಯ ಬಿಗುವು ಬಂದಿತ್ತು.

"ಮೈಕ್ ಬೇಕಂತ, ಮೈಕ್! ನನ್ನ ಒಬ್ಬಾಕಿ ದನೀನ ಪದಾ ಹೊತಗೊಂಡು ಹೋತಿಲ್ಲ ಕಡೀತನಕ?"

"ಹೋತ್ರಿ ಅತ್ತಿ" ಎಂದೆ.

ಬೀಗತಿ ಬಗ್ಗಿ ಕೂಸಿನ ತಲೆಯ ಕುಂಚಿಗೆ ಸರಿಮಾಡುತ್ತಿದ್ದರು.